ನಾಲ್ಕನೇ ಕ್ಯಾಮೆರಾದ ಬೂದುಬಕ

"ನೀವೇನಾ ಆ ಬಕ?"

ಕೆರೆ ದಂಡೆಯ ಕಬ್ಬಿಣದ ಬೇಲಿಗೆ ಒರಗಿ ನಿಂತಿದ್ದ ಉದ್ದನೆಯ ಮನುಷ್ಯ ಬೆಚ್ಚಿಬಿದ್ದ. ಫ್ಲಾಸ್ಕಿನ ಮುಚ್ಚಳದಲ್ಲಿದ್ದ ಚಹಾ ತುಳುಕಿ ಅವನ ಕೋಟಿನ ಮೇಲೇ ಚೆಲ್ಲಿತು.

"ಏನಂದ್ರಿ?"

"ಬಕ! ಬೂದುಬಕ! ದಿನಾ ಬೆಳಗಾಗೋ ಹೊತ್ತಿಗೆ ಬಂದು ಇಲ್ಲಿ ನಿಲ್ಲೋದು ನೀವೇನಾ ಅಂತ ಕೇಳ್ತಿದ್ದೀನಿ!"

ಅವನು ಹಿಂದೆ ಮುಂದೆ ನೋಡಿದ. ಮಂಜು ಮುಸುಕಿದ ಕೆರೆ, ದಡದಲ್ಲಿ ನಾಲ್ಕಾರು ಬಾತುಕೋಳಿ, ಎದುರಿಗೆ ಕೆಂಡದಂಥ ಕಣ್ಣಿನ ಈ ಹುಡುಗಿ. ಬೇರೆ ನರಪಿಳ್ಳೆಯೂ ಇರಲಿಲ್ಲ. ಅಂದರೆ ಬೈಗುಳ ತನಗೇ!

"ನಿಲ್ಲಬಾರದು ಅಂತ ಎಲ್ಲೂ ಬೋರ್ಡ್ ಇಲ್ವಲ್ಲ ಮೇಡಂ..."

"ನಿಲ್ಲಿ! ಯಾರು ಬೇಡ ಅಂದ್ರು? ಆದ್ರೆ ಎರಡು ಕಾಲಲ್ಲಿ ನಿಲ್ಲಿ! ಮನುಷ್ಯರು ನಿಲ್ಲೋ ಹಾಗೆ!"

ಅವನು ಕೆಳಗೆ ನೋಡಿಕೊಂಡ. ಎಡಗಾಲು ಮಡಚಿ ಹಿಂದಿನ ಕಂಬಿಗೆ ಊರಿಕೊಂಡಿತ್ತು. ಮೈಯ ಭಾರವೆಲ್ಲ ಬಲಗಾಲಿನ ಮೇಲೆ. ತರಗತಿಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ಮೆಲ್ಲಗೆ ಕಾಲು ಕೆಳಗಿಳಿಸಿದ.

"ಸಾರಿ," ಎಂದ.

ಅಷ್ಟೇ! ಯಾವ ತಪ್ಪಿಗೆ ಎಂದು ಗೊತ್ತಿಲ್ಲದೆಯೇ ಕ್ಷಮೆ ಕೇಳಿಬಿಟ್ಟ. ಅವಳಿಗೆ ದಿಕ್ಕೇ ತೋಚಲಿಲ್ಲ. ಮನೆಯಿಂದ ಇಲ್ಲಿಯವರೆಗೂ ಹಲ್ಲು ಕಡಿಯುತ್ತ, ಮಾತು ಜೋಡಿಸಿಕೊಳ್ಳುತ್ತ ಬಂದಿದ್ದಳು. ಜಗಳಕ್ಕೆಂದು ಟೊಂಕ ಕಟ್ಟಿ ಬಂದರೆ ಎದುರಾಳಿ ಮೊದಲೇ ಸೋತು ನಿಂತಿದ್ದಾನೆ! ಈ ಸಿಟ್ಟನ್ನೆಲ್ಲ ಈಗ ಎಲ್ಲಿ ಇಳಿಸುವುದು?

ಹಾಗೆಂದು ಬಿಡಲೂ ಮನಸ್ಸಿಲ್ಲ. ಮೊಬೈಲ್ ತೆಗೆದು ಅವನ ಮೂಗಿನ ಮುಂದೆ ಹಿಡಿದಳು.

"ನೋಡಿ. ನೀವೇ ನೋಡಿ!"

ಫೋಟೋದಲ್ಲಿ ಅರೆಬೆಳಕು, ಮಂಜು. ಬೂದು ಬಣ್ಣದ ಮೈ. ನೀಳ ಕುತ್ತಿಗೆ. ತಲೆಯ ಹಿಂದೆ ಇಳಿಬಿದ್ದ ಕಪ್ಪು ಜುಟ್ಟು. ಒಂದೇ ಕಾಲು. ಕೆಳಗೆ ಅಚ್ಚುಕಟ್ಟಾಗಿ ಬರೆದಿತ್ತು: "ಬೂದುಬಕ. ಖಚಿತತೆ ನೂರಕ್ಕೆ ತೊಂಬತ್ತಾರು."

ಅವನು ಕಣ್ಣು ಕಿರಿದು ಮಾಡಿ ನೋಡಿದ. ತನ್ನ ಕೋಟು ನೋಡಿಕೊಂಡ. ಕಪ್ಪು ಕೋಟೇ, ಆದರೆ ಹಿಟ್ಟು ಬಿದ್ದೂ ಬಿದ್ದೂ ಬೂದಿಯ ಬಣ್ಣಕ್ಕೆ ತಿರುಗಿತ್ತು. ತಲೆಯ ಉಣ್ಣೆಯ ಟೋಪಿ ಮುಟ್ಟಿಕೊಂಡ. ಅದರ ತುದಿಯಲ್ಲಿ ಉದ್ದನೆಯ ಕಪ್ಪು ಬಾಲ. ನಿಧಾನವಾಗಿ ಅವನ ಮುಖ ಅರಳಿತು.

"ತೊಂಬತ್ತಾರಾ! ಸ್ಕೂಲಲ್ಲಿ ನನಗೆ ಯಾವತ್ತೂ ಇಷ್ಟು ಬಂದಿಲ್ಲ ಮೇಡಂ!"

'ನಗಬಾರದು... ನಗಲೇಬಾರದು...' ಅವಳು ತುಟಿ ಕಚ್ಚಿಕೊಂಡು ಕೆರೆಯ ಕಡೆ ತಿರುಗಿದಳು. ಆದರೆ ಆ ನಗು ಎಲ್ಲಿಂದಲೋ ಉಕ್ಕಿ ಬಂದು, ದಡದ ಬಾತುಕೋಳಿಗಳೆಲ್ಲ ಪಟಪಟನೆ ಹಾರಿಹೋದವು.

*

ಕೆರೆಯ ಪಕ್ಕದಲ್ಲೇ ಇದ್ದ ಪಕ್ಷಿ ಕೇಂದ್ರದಲ್ಲಿ ಅವಳ ಕೆಲಸ. ದಡದುದ್ದಕ್ಕೂ ಕಂಬಗಳ ಮೇಲೆ ಕ್ಯಾಮೆರಾ ಕೂರಿಸಿದ್ದರು. ಏನಾದರೂ ಅಲುಗಾಡಿದರೆ ಸಾಕು, ಅವು ಫೋಟೋ ತೆಗೆಯುತ್ತಿದ್ದವು. ಸಾಫ್ಟ್‌ವೇರ್ ಆ ಫೋಟೋ ನೋಡಿ, ಇದು ನೀರುಕಾಗೆ, ಇದು ಮಿಂಚುಳ್ಳಿ ಎಂದು ಊಹಿಸಿ, ಕೊನೆಗೆ ಅವಳನ್ನು ಕೇಳುತ್ತಿತ್ತು: "ಸರಿಯೇ? ಹೌದು / ಅಲ್ಲ." ಎರಡು ಜೀವ ಒತ್ತಾಗಿ ನಿಂತಿದ್ದರೆ ಇನ್ನೊಂದು ಪ್ರಶ್ನೆ: "ಜೋಡಿಯೇ? ಹೌದು / ಅಲ್ಲ." ಬೆಳಿಗ್ಗೆಯಿಂದ ಸಂಜೆವರೆಗೆ ಅವಳು ಹೌದು, ಅಲ್ಲ, ಹೌದು, ಅಲ್ಲ ಒತ್ತುತ್ತ ಕೂರಬೇಕು. ಹಾಗಾಗಿ ಆಫೀಸಿನಲ್ಲಿ ಅವಳಿಗೆ 'ಹೌದಮ್ಮ' ಎಂದೇ ಹೆಸರು ಬಿದ್ದಿತ್ತು.

ಈ ಬಕದ ವಿಷಯದಲ್ಲಿ ಮೋಸ ಹೋಗಿದ್ದು ಸಾಫ್ಟ್‌ವೇರ್ ಅಲ್ಲ, ಅವಳೇ!

ಯಾವತ್ತೋ ಒಂದು ಸೋಮವಾರ. ಮೂಗು ಸೋರುವ ನೆಗಡಿ, ತಲೆ ಭಾರ. ನಾಲ್ಕನೇ ಕ್ಯಾಮೆರಾದ ಮಸುಕು ಫೋಟೋ ತೋರಿಸಿ ಸಾಫ್ಟ್‌ವೇರ್ ಅಳುಕುತ್ತಲೇ ಕೇಳಿತ್ತು, ಬೂದುಬಕ ಇರಬಹುದಾ? ಖಚಿತತೆ ಬರೀ ಮೂವತ್ತೆಂಟು. ಅವಳು ಸೀನುತ್ತಲೇ 'ಹೌದು' ಒತ್ತಿದ್ದಳು. ಮರುದಿನ ಅದು ಸ್ವಲ್ಪ ಧೈರ್ಯವಾಗಿ ಕೇಳಿತು. ಮತ್ತೆ ಹೌದು. ಮಕ್ಕಳ ಕೈ ಹಿಡಿದು ಒಮ್ಮೆ ಅಕ್ಷರ ತಪ್ಪಾಗಿ ತಿದ್ದಿಸಿ ನೋಡಿ, ಆಮೇಲೆ ಅದನ್ನೇ ದುಂಡಾಗಿ, ಚಂದವಾಗಿ, ಪುಟಗಟ್ಟಲೆ ಬರೆದು ತಂದು ತೋರಿಸುತ್ತವೆ. ಇದೂ ಹಾಗೇ. ಕಲಿತದ್ದೇ ಕಲಿತದ್ದು!

ಅಷ್ಟರಲ್ಲಿ ಡೈರೆಕ್ಟರ್ ಸಾಹೇಬರು ಪ್ರವಾಸಿಗರ ಕೊಠಡಿಯ ದೊಡ್ಡ ಪರದೆಯ ಮೇಲೆ ಆ ಫೋಟೋ ಹಾಕಿಸಿ, "ನಮ್ಮ ಕೆರೆಯ ಖಾಯಂ ಅತಿಥಿ. ಇದರ ಏಕಾಗ್ರತೆಯನ್ನು ಗಮನಿಸಿ" ಎಂದು ಬರೆಸಿಯೂ ಆಗಿತ್ತು. ಬಂದವರೆಲ್ಲ ಗಮನಿಸುತ್ತಿದ್ದರು!

ಇವತ್ತು ಬೆಳಿಗ್ಗೆ ಮೊಬೈಲಿಗೆ ಬಂದ ಫೋಟೋದಲ್ಲಿ ಮಾತ್ರ ಆ ಖಾಯಂ ಅತಿಥಿ ಚಹಾ ಕುಡಿಯುತ್ತಿತ್ತು.

ಕೆರೆಯಿಂದ ಅವಳು ನೇರವಾಗಿ ಆಫೀಸಿಗೆ ಹೋಗಿ ತಪ್ಪೊಪ್ಪಿಕೊಂಡಳು. ಡೈರೆಕ್ಟರ್ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. "ಪರದೆಯಿಂದ ತೆಗೆಸು ಹೌದಮ್ಮ. ತಪ್ಪು ಕಲಿಸಿದೋಳು ನೀನು, ಸರಿ ಕಲಿಸೋಳೂ ನೀನೇ," ಎಂದರು.

ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ ಗೆಳತಿಗೆ ತಲೆ ತುಂಬ ಗುಂಗುರು ಕೂದಲು. ಎಲ್ಲರೂ ಅವಳನ್ನು ಗುಂಗುರು ಎಂದೇ ಕರೆಯುತ್ತಿದ್ದರು. ಅವಳು ಹೊಟ್ಟೆ ಹಿಡಿದು ನಕ್ಕು ಮುಗಿಸಿದ ಮೇಲೆ ಉಪಾಯ ಹೇಳಿದಳು.

"ಆ ಮನುಷ್ಯನ ಫೋಟೋ ಬೇಕು ಕಣೇ, ರಾಶಿರಾಶಿ. ಬಗ್ಗಿ, ನಿಂತು, ತಿರುಗಿ, ಎಲ್ಲಾ ಥರ. ಎಲ್ಲದಕ್ಕೂ ನೀನು 'ಅಲ್ಲ, ಮನುಷ್ಯ' ಅಂತ ಒತ್ತಬೇಕು. ಆಗ ಕಲಿಯುತ್ತೆ."

"ಅಂದ್ರೆ... ನಾನು ಮತ್ತೆ ಹೋಗಿ ಅವರನ್ನ ಕೇಳ್ಬೇಕಾ?"

"ಮತ್ತೆ ನಾನು ಕೇಳಲಾ? ಬಕ ಸಾಕಿದೋಳು ನೀನು!"

*

ಮರುದಿನ ಅವಳು ಹೋದಾಗ ಅವನು ಎರಡು ಕಾಲ ಮೇಲೆ, ಕವಾಯತಿನ ಸಿಪಾಯಿಯಂತೆ ನೆಟ್ಟಗೆ ನಿಂತಿದ್ದ. ಅವಳನ್ನು ಕಂಡೊಡನೆ ಇನ್ನಷ್ಟು ನೆಟ್ಟಗಾದ.

"ದಯವಿಟ್ಟು... ಮೊದಲಿನ ಹಾಗೇ ನಿಲ್ಲಿ," ಎಂದಳು ನೆಲ ನೋಡುತ್ತ. "ನಿಮ್ಮ ಫೋಟೋ ತೆಗೀಬೇಕು. ನೀವು ಒಪ್ಪಿದ್ರೆ ಮಾತ್ರ."

"ನಿನ್ನೆ ಬೈದಿದ್ದು?"

"ಅದನ್ನ ವಾಪಸ್ ತಗೊಂಡೆ."

"ಎಲ್ಲಾನೂ ತಗೊಳ್ಬೇಡಿ. ಒಂಚೂರು ಇರಲಿ," ಎಂದವನೇ ಕಾಲು ಮಡಚಿದ. "ಚೆನ್ನಾಗಿ ಬೈತೀರಾ."

ಹೀಗೆ ಶುರುವಾಯಿತು.

ದಿನಾ ಬೆಳಕು ಹರಿಯುವ ಹೊತ್ತಿಗೆ ಅವಳು ಹೋಗುತ್ತಿದ್ದಳು. ಬಗ್ಗಿ ಎಂದರೆ ಬಗ್ಗುತ್ತಿದ್ದ, ತಿರುಗಿ ಎಂದರೆ ತಿರುಗುತ್ತಿದ್ದ. ನಡುನಡುವೆ ಮಾತು. ಅವನು ಪೇಟೆ ಬೀದಿಯ ಬೇಕರಿಯಲ್ಲಿ ರಾತ್ರಿ ಪಾಳಿಯವನು. ಹಿಟ್ಟು ನಾದಿ, ಬನ್ನು ಕಟ್ಟಿ, ಭಟ್ಟಿಯ ಮುಂದೆ ಟ್ರೇ ಎಳೆದು ಸರಿಸಿ, ಬೆಳಗಿನ ಜಾವ ಬಿಡುಗಡೆ.

"ರಾತ್ರಿಯೆಲ್ಲಾ ನಿಂತು ಮತ್ತೆ ಇಲ್ಲೂ ಯಾಕೆ ನಿಲ್ತೀರಾ? ಆ ಬೆಂಚ್ ಮೇಲೆ ಕೂರಬಾರದಾ?"

"ಕೂತ್ರೆ ಕಥೆ ಮುಗೀತು. ಅಲ್ಲೇ ಗೊರಕೆ. ಅದಕ್ಕೇ ಒಂದೊಂದು ಕಾಲಿಗೆ ಸರದಿ ಮೇಲೆ ರಜೆ ಕೊಡ್ತೀನಿ. ಈಗ ಎಡಗಾಲು ರಜೆ ಮೇಲಿದೆ."

"ಮನೆಗೆ ಹೋಗಿ ಮಲಗಬಹುದಲ್ಲ?"

ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. "ಮನೇಲಿ ಅಜ್ಜಿ, ನಾನು. ಒಂದೇ ಕೋಣೆ. ಬಾಗಿಲು ಮುಟ್ಟಿದ್ರೆ ಕಿರ್ರ್ ಅನ್ನುತ್ತೆ, ಎಷ್ಟು ಎಣ್ಣೆ ಬಿಟ್ರೂ ಅಷ್ಟೇ. ಅಜ್ಜಿಗೆ ರಾತ್ರಿ ನಿದ್ದೆ ಕಮ್ಮಿ, ಬೆಳಗಿನ ಜಾವ ಒಂಚೂರು ಹತ್ತುತ್ತೆ. ಅವರಾಗಿ ಏಳೋವರೆಗೂ ಇಲ್ಲಿರ್ತೀನಿ."

ಎಷ್ಟು ಸಾದಾ ಹೇಳಿದ! ಟೋಪಿ ಚಳಿಗೆ, ಚಹಾ ಬಾಯಾರಿಕೆಗೆ ಎನ್ನುವಷ್ಟೇ ಸಾದಾ.

'ಒಬ್ಬರ ನಿದ್ದೆ ಕೆಡಬಾರದು ಅಂತ ಇನ್ನೊಬ್ಬರು ಚಳಿಯಲ್ಲಿ ನಿಲ್ತಾರಾ...' ಅವತ್ತು ಮೊದಲ ಬಾರಿಗೆ ಅವಳು ಫೋಟೋ ಮರೆತು ಅವನನ್ನೇ ನೋಡಿದಳು. ರೆಪ್ಪೆಯ ಮೇಲೂ ಹಿಟ್ಟಿತ್ತು.

"ಆ ಬಾಲದ ಟೋಪಿ?"

"ಅಜ್ಜಿ ಹೆಣೆದಿದ್ದು. ನಿಲ್ಲಿಸೋದು ಹೇಗೆ ಅಂತ ಮರೆತು ಹೋಯ್ತಂತೆ, ಹೆಣೀತಾ ಹೆಣೀತಾ ಬಾಲ ಬಂತು."

ಮರುದಿನದಿಂದ ಅವನ ಕೋಟಿನ ಜೇಬಿನಲ್ಲಿ ಕಾಗದ ಸುತ್ತಿದ ಬಿಸಿ ಬನ್ನು ಬರತೊಡಗಿತು. ಫ್ಲಾಸ್ಕಿಗೆ ಇನ್ನೊಂದು ಲೋಟ ಜೊತೆಯಾಯಿತು.

ಒಂದು ದಿನ ಅವಳೂ ಒಂಟಿಕಾಲಲ್ಲಿ ನಿಂತು ನೋಡಿದಳು. ಒಂದು ಕ್ಷಣ ನಿಂತಳು, ಆಮೇಲೆ ತೂರಾಡಿದಳು. ಬೀಳುವ ಮೊದಲು ಕೈಗೆ ಸಿಕ್ಕಿದ್ದು ಅವನ ಮೊಣಕೈ. ಸಿಕ್ಕಿದ್ದನ್ನು ಬಿಡುವುದು ಮರೆತಳು. ಅವನೂ ನೆನಪಿಸಲಿಲ್ಲ.

ಕಂಬದ ಮೇಲೆ ಕ್ಯಾಮೆರಾ ತನ್ನ ಪಾಡಿಗೆ ಕ್ಲಿಕ್ ಎಂದಿತು.

ಆಫೀಸಿಗೆ ಹೋಗಿ ನೋಡಿದರೆ ಆ ಫೋಟೋದ ಕೆಳಗೆ ಬರೆದಿತ್ತು: "ಗುರುತು ಸಿಗುತ್ತಿಲ್ಲ. ಜೋಡಿಯೇ? ಹೌದು / ಅಲ್ಲ."

ಅವಳ ಬೆರಳು ಹೌದಿನ ಮೇಲೂ ಹೋಗಲಿಲ್ಲ, ಅಲ್ಲದ ಮೇಲೂ ಹೋಗಲಿಲ್ಲ. ದಿನವಿಡೀ ಅದು ಹಾಗೇ ತೆರೆದಿತ್ತು.

ಸಂಜೆ ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತ ಕೇಳಿಯೇಬಿಟ್ಟಳು. "ಏನೇ ಪುಟ್ಟಿ, ಅಲಾರಂ ಮೂರು ಸಲ ಬಡ್ಕೊಂಡ್ರೂ ಏಳದೋಳು ಈಗ ಕೋಳಿಗಿಂತ ಮುಂಚೆ ಎದ್ದು ಕಾಡಿಗೆ ಹಚ್ಕೊಂಡು ಹೋಗ್ತೀಯ? ಹಕ್ಕಿಗಳಿಗೆ ತೋರಿಸೋಕಾ?"

"ಕೆಲಸ ಅಕ್ಕಾ! ಸಾಫ್ಟ್‌ವೇರ್‌ಗೆ ಕಲಿಸ್ಬೇಕು!"

"ಹೂಂ, ಕಲಿಸು ಕಲಿಸು. ಅದು ಕಲಿಯುತ್ತೆ. ನೀನು ಯಾವಾಗ ಕಲೀತೀಯೋ!"

*

ಗುಂಗುರು ಒಂದು ಮಧ್ಯಾಹ್ನ ಕುರ್ಚಿ ತಿರುಗಿಸಿ ಘೋಷಿಸಿದಳು. "ಸಾಕು ಕಣೇ ಫೋಟೋ. ಈಗ ನಾಲ್ಕನೇ ಕ್ಯಾಮೆರಾ ಮುಂದೆ ಅವರು ತಲೆಕೆಳಗಾಗಿ ನಿಂತ್ರೂ ಮನುಷ್ಯ ಅಂತಾನೇ ಹೇಳುತ್ತೆ. ನಾಳೆಯಿಂದ ಹಾಯಾಗಿ ಮಲಗು!"

'ಇನ್ನು ಯಾವ ನೆಪ ಹೇಳಿ ಹೋಗುವುದು?'

ಮರುದಿನ ಬೆಳಿಗ್ಗೆ ಹೋದಳು. ಫೋಟೋ ಸಾಕಾಯಿತು ಎಂದು ಹೇಳಲೇ ಇಲ್ಲ. ಹೊರಡುವಾಗ ಅವನೇ ತಡವರಿಸಿದ. "ಮೇಡಂ... ನಿಮ್ಮ ಹತ್ರ ಒಂದು ಮಾತು... ಈಗ ಬೇಡ. ನಾಳೆ ನಿಮ್ಮ ಆಫೀಸಿಗೇ ಬರ್ಲಾ? ಇಲ್ಲಿ ನಿದ್ದೆಗಣ್ಣಲ್ಲಿ ಹೇಳೋ ಮಾತಲ್ಲ ಅದು."

"ಬನ್ನಿ," ಎಂದಳು. ಮನೆಗೆ ಹೋಗುವ ದಾರಿಯಲ್ಲಿ ಅವಳ ಕಾಲು ನೆಲಕ್ಕೆ ತಾಗಲಿಲ್ಲ!

ಆದರೆ ಆ 'ನಾಳೆ' ಹೇಗೆ ಬಂತು ನೋಡಿ.

ಡೈರೆಕ್ಟರ್ ಒಳ್ಳೆಯ ಉಮೇದಿನಲ್ಲಿದ್ದರು. ಚಹಾದ ಹೊತ್ತು. ಆಫೀಸಿನವರೆಲ್ಲ ಒಂದೇ ಮೇಜಿನ ಸುತ್ತ.

"ಏನು ಹೌದಮ್ಮ, ಕೆಲಸ ಮುಗೀತಂತೆ! ಬಕದ ಜೊತೆ ಗೂಡು ಕಟ್ಟೋದು ಯಾವಾಗ?"

ಘೊಳ್ಳೆಂದರು ಎಲ್ಲರೂ. ಅವಳ ಕಿವಿ ಕೆಂಪಗಾಯಿತು. ಎದೆಯೊಳಗೆ ಬಚ್ಚಿಟ್ಟು ಇನ್ನೂ ತಾನೇ ಸರಿಯಾಗಿ ಬಿಚ್ಚಿ ನೋಡದ ಗಂಟನ್ನು ಯಾರೋ ಹತ್ತು ಜನರ ನಡುವೆ ಕೊಡವಿ ಹರವಿದಂತಾಯಿತು. ಮುಚ್ಚಿಕೊಳ್ಳಬೇಕಿತ್ತು. ಬಾಯಿಗೆ ಬಂದದ್ದನ್ನು ಎಳೆದು ಹೊದ್ದುಕೊಂಡಳು.

"ಅಯ್ಯೋ ಸುಮ್ನಿರಿ ಸಾರ್! ಕೆಲಸ ಅಂತ ಹೋಗ್ತಿದ್ದೆ, ಅಷ್ಟೇ. ಫೋಟೋ ಸಾಕಾಯ್ತಲ್ಲ, ಇನ್ಮೇಲೆ ಆ ಚಳೀಲಿ ಯಾರು ಎದ್ದು ಹೋಗ್ತಾರೆ? ಪೀಡೆ ತೊಲಗ್ತು!"

ನಗು ನಿಂತಿತು. ಎಲ್ಲರ ಕಣ್ಣೂ ಅವಳ ಬೆನ್ನ ಹಿಂದೆ, ಬಾಗಿಲ ಕಡೆ.

ಅವಳು ತಿರುಗಿದಳು. ಬಾಗಿಲಲ್ಲಿ ಯಾರೂ ಇಲ್ಲ. ಹೊಸ್ತಿಲ ಮೇಲೆ ಒಂದು ಕಾಗದದ ಚೀಲ ಮಾತ್ರ ಇತ್ತು. ಮುಟ್ಟಿದರೆ ಇನ್ನೂ ಬಿಸಿ!

ಒಳಗೆ ಹಕ್ಕಿಯಾಕಾರದ ಬನ್ನು. ನೀಳ ಕುತ್ತಿಗೆ, ಕೊಕ್ಕು, ಒಣದ್ರಾಕ್ಷಿಯ ಕಣ್ಣು, ಒಂದೇ ಕಾಲು. ಪಕ್ಕದಲ್ಲಿ ಇನ್ನೊಂದು ಹಕ್ಕಿ, ಸ್ವಲ್ಪ ಚಿಕ್ಕದು, ಸ್ವಲ್ಪ ವಾಲಿದ್ದು. ಬೇಯುವಾಗ ಉಬ್ಬಿ ಎರಡೂ ಅಂಟಿಕೊಂಡು ಒಂದೇ ಆಗಿದ್ದವು.

ಗೇಟಿನವರೆಗೂ ಓಡಿದಳು. ಬೀದಿ ಖಾಲಿ.

*

ಮರುದಿನ ಬೇಲಿಯ ಹತ್ತಿರ ಅವನಿರಲಿಲ್ಲ. ಅದರ ಮರುದಿನವೂ ಇಲ್ಲ. ಬಾತುಕೋಳಿಗಳು ಅವಳನ್ನೇ ನೋಡಿ, ಬನ್ನಿನ ಚೂರೂ ಸಿಗದೆ ಬೇಜಾರಾಗಿ ಹೋದವು.

ಬೇಕರಿಗೂ ಹೋಗಿಬಂದಳು. ಗಲ್ಲಾದ ಹಿಂದೆ ಕೂತ ಯಜಮಾನಿ, "ರಾತ್ರಿ ಪಾಳಿಯವನಾ? ಈಗ ಮನೇಲಿ ಮಲಗಿರ್ತಾನಮ್ಮ. ಯಾರು ಬಂದಿದ್ರು ಅಂತ ಹೇಳ್ಲಿ?" ಎಂದಳು.

ಯಾರೆಂದು ಹೇಳುವುದು? ಪೀಡೆ ಎಂದವಳು ಎಂದೇ? "ಬೇಡ ಬಿಡಿ," ಎಂದು ಒಂದು ಬ್ರೆಡ್ಡು ಕೊಂಡು ಬಂದಳು. ಮನೆಯಲ್ಲಿ ಆಗಲೇ ಹೀಗೆ ಕೊಂಡ ಎರಡು ಬ್ರೆಡ್ಡು ಇದ್ದವು.

ಅಕ್ಕ ಅದನ್ನು ಕಪಾಟಿನಲ್ಲಿಡುತ್ತ ನಿಟ್ಟುಸಿರಿಟ್ಟಳು. "ಈ ಲೆಕ್ಕದಲ್ಲಿ ನಾವೂ ಒಂದು ಬೇಕರಿ ಇಡಬಹುದು ಪುಟ್ಟಿ. ದಿನವಿಡೀ ಹೌದು ಅಲ್ಲ ಅಂತ ಒತ್ತೋಳಿಗೆ ಒಂದು ಹೌದು ಬಾಯಲ್ಲಿ ಹೇಳೋಕೆ ಏನೇ ಕಷ್ಟ?"

"ಅಲ್ಲಿ ತಪ್ಪಾದ್ರೆ ತಿದ್ದಬಹುದು ಅಕ್ಕಾ..."

"ಇಲ್ಲೂ ತಿದ್ದಬಹುದು. ಎದ್ದು ಹೋಗ್ಬೇಕು, ಅಷ್ಟೇ."

ಮಾರನೆಯ ಬೆಳಿಗ್ಗೆ ಕತ್ತಲು ಕರಗುವ ಹೊತ್ತಿಗೆ ಮೊಬೈಲ್ ಗುಂಯ್ ಎಂದಿತು.

"ಕ್ಯಾಮೆರಾ ನಾಲ್ಕು: ಮನುಷ್ಯ. ಖಚಿತತೆ ತೊಂಬತ್ತೆಂಟು."

ಬಂದಿದ್ದಾನೆ! ಫೋಟೋ ತೆರೆದು ನೋಡುವಷ್ಟೂ ತಾಳ್ಮೆ ಇರಲಿಲ್ಲ.

ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಕ್ಕನದು. ಬಾಚದ ತಲೆ. ಬೀದಿ ದಾಟಿ, ಹುಲ್ಲು ತುಳಿದು, ಏದುಸಿರು ಬಿಡುತ್ತ ಬೇಲಿಯ ಹತ್ತಿರ ಬಂದು ನಿಂತಳು.

ಬೇಲಿಯ ಮೇಲೆ, ಒಂಟಿಕಾಲಲ್ಲಿ, ಬೂದು ಮೈ ಮುದುಡಿಕೊಂಡು...

ನಿಜವಾದ ಬೂದುಬಕ!

ಇಷ್ಟು ಕಾಲ ಇಲ್ಲದ್ದನ್ನು ಇದೆ ಎಂದು ಒತ್ತಿದ್ದಳಲ್ಲ, ಈಗ ಅದು ನಿಜವಾಗಿಯೂ ಬಂದು ಕೂತು, ಹಳದಿ ಕಣ್ಣಲ್ಲಿ ಅವಳ ಎರಡು ಥರದ ಚಪ್ಪಲಿ ನೋಡುತ್ತಿತ್ತು.

"ನೀನಾ!" ಅವಳಿಗೆ ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು. "ಬೇಕಾದಾಗ ಬರಲಿಲ್ಲ, ಈಗ ಬಂದ್ಯಾ? ನಿನಗ್ಯಾರು ಕಾಯ್ತಿದ್ರು? ನನಗೆ ಬೇಕಾಗಿರೋದು ನೀನಲ್ಲ ಕಣೋ... ಹಿಟ್ಟು ಬಳ್ಕೊಂಡು ಬರ್ತಾರಲ್ಲ, ಅವರು! ಪೀಡೆ ಅಂದ್ಬಿಟ್ಟೆ... ಅವರನ್ನ ನೋಡದೆ ಇರೋದೇ ನನಗೆ ಪೀಡೆ ಆಗಿದೆ!"

ಬಕ ಪೂರ್ತಿ ಕೇಳಿಸಿಕೊಂಡು, ಕಾಲು ಬದಲಿಸಿ, ರೆಕ್ಕೆ ಬಿಚ್ಚಿ ಹಾರಿಹೋಯಿತು.

*

ಅದೇ ದಿನ ಆಫೀಸಿನ ಬಾಗಿಲಲ್ಲಿ ಒಂದು ಊರುಗೋಲು ಟಕ್ ಟಕ್ ಎಂದಿತು.

"ನನ್ನ ಮೊಮ್ಮಗನನ್ನ ಹಕ್ಕಿ ಮಾಡಿದೋಳು ಯಾರು?"

ಸಣ್ಣ ದೇಹದ, ದೊಡ್ಡ ದನಿಯ ಅಜ್ಜಿ! ಹೆಗಲ ಮೇಲಿನ ಉಣ್ಣೆಯ ಶಾಲಿಗೂ ನೆಲ ಗುಡಿಸುವಷ್ಟು ಉದ್ದದ ಬಾಲ ಇತ್ತು. ಯಾರೂ ಪರಿಚಯ ಹೇಳಬೇಕಾಗಿರಲಿಲ್ಲ.

ಹೌದಮ್ಮ ಎದ್ದು ನಿಂತಳು. "ನಾನೇ ಅಜ್ಜಿ."

ಅಜ್ಜಿ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಗುಂಗುರುವಿನ ಕುರ್ಚಿಯಲ್ಲಿ ಕೂತರು. "ನೀನೇನಾ ಅದು. ಎಷ್ಟು ದಿನ ಶಿಳ್ಳೆ ಹಾಕ್ಕೊಂಡು ಬರ್ತಿದ್ದ ಗೊತ್ತಾ ನನ್ನ ಹುಡುಗ! ಈಗ ಬಂದ, ಉಂಡ, ಗೋಡೆ ಕಡೆ ತಿರುಗಿದ. ಏನಾಯ್ತೋ ಅಂದ್ರೆ ಏನಿಲ್ಲ ಅಜ್ಜಿ, ಮಲಗ್ತೀನಿ ಅಂತಾನೆ. ನಿದ್ದೆ ಮಾಡೋನು ಹಾಗೆ ಉಸಿರಾಡಲ್ಲ. ನಿದ್ದೆ ನಟನೆ ನನಗೆ ಗೊತ್ತಿಲ್ವಾ? ನಾನು ವರ್ಷಗಳಿಂದ ಮಾಡ್ತಿದ್ದೀನಿ!"

"ನೀವಾ?"

"ಮತ್ತೆ? ವಯಸ್ಸಾದೋರಿಗೆ ಬೆಳಗಿನ ಜಾವ ಯಾವ ನಿದ್ದೆ ತಾಯಿ? ಅವನು ಬಿಡುಗಡೆಯಾಗೋ ಮೊದಲೇ ಎದ್ದಿರ್ತೀನಿ. ಆದ್ರೆ ಎದ್ದು ಕೂತ್ರೆ ಅವನು ನೆಟ್ಟಗೆ ಮನೆಗೆ ಬಂದ್ಬಿಡ್ತಾನೆ. ಮುದುಕಿ ಮುಖ ಬಿಟ್ಟು ಒಂದಿಷ್ಟು ಗಾಳಿ, ನೀರು ನೋಡ್ಕೊಂಡು ಬರಲಿ ಅಂತ ಕಣ್ಣು ಮುಚ್ಕೊಂಡು ಬಿದ್ದಿರ್ತೀನಿ." ಅಜ್ಜಿ ನಿಟ್ಟುಸಿರಿಟ್ಟರು. "ಅವನು ನನಗೋಸ್ಕರ ಹೊರಗೆ ನಿಲ್ತಾನೆ, ನಾನು ಅವನಿಗೋಸ್ಕರ ಒಳಗೆ ಮಲಗ್ತೀನಿ. ಇಬ್ಬರೂ ಬಾಯಿ ಬಿಡಲ್ಲ. ನಮ್ಮನೆ ರೋಗ ಅದು. ನಿನಗೂ ಅಂಟಿದ್ಯಾ?"

ಅವಳ ಕಣ್ಣು ತುಂಬಿ ಬಂತು. "ಅಂಟಿದೆ ಅಜ್ಜಿ."

"ಹಾಗಾದ್ರೆ ಹೋಗಿ ಹೇಳು. ಈಗ್ಲೂ ಮೊದಲಿನ ಹೊತ್ತಿಗೇ ಮನೆಗೆ ಬರ್ತಾನೆ. ಅಲ್ಲಿವರೆಗೆ ಎಲ್ಲಿ ನಿಲ್ತಾನೋ ನನಗೆ ಗೊತ್ತಿಲ್ಲ. ಊರ ತುಂಬ ಕ್ಯಾಮೆರಾ ಇಟ್ಕೊಂಡಿರೋಳು ನೀನು, ಹುಡುಕು!"

"ಹುಡುಕಿದೆ ಅಜ್ಜಿ. ಎಲ್ಲಾ ಕ್ಯಾಮೆರಾದಲ್ಲೂ 'ಮನುಷ್ಯ' ಅಂತ ಬಂದಿದ್ದನ್ನೆಲ್ಲಾ ನೋಡಿದೆ. ಅವರಿಲ್ಲ. ಇವತ್ತು ಬೆಳಿಗ್ಗೆ ನಾಲ್ಕನೇದ್ರಲ್ಲಿ ಮನುಷ್ಯ ಅಂತು, ಓಡಿಹೋದ್ರೆ ನಿಜವಾದ ಬಕ ಕೂತಿತ್ತು!"

ಇಷ್ಟು ಹೊತ್ತು ಬಾಯಿ ತೆರೆದು ಕೇಳುತ್ತಿದ್ದ ಗುಂಗುರು ತಟ್ಟನೆ ಹಣೆ ಚಚ್ಚಿಕೊಂಡಳು.

"ಬೇಲಿ! ಅಯ್ಯೋ, ಬೇಲಿ ಕಣೇ! ನಾವು ಅವರ ಫೋಟೋ ತೆಗೆದಿದ್ದೆಲ್ಲಾ ನಾಲ್ಕನೇ ಕ್ಯಾಮೆರಾ ಮುಂದೆ. ಎಲ್ಲದರಲ್ಲೂ ಆ ಕಬ್ಬಿಣದ ಬೇಲಿ ಇದೆ. ಈ ಪೆದ್ದು ಸಾಫ್ಟ್‌ವೇರ್ ಅವರನ್ನ ಕಲೀಲೇ ಇಲ್ಲ, ಬೇಲೀನ ಕಲೀತು! ಬೇಲಿ ಇದ್ರೆ ಮನುಷ್ಯ. ಅದಕ್ಕೇ ಪಾಪ, ಆ ಬಕಾನೂ ಮನುಷ್ಯ ಆಗೋಯ್ತು!"

ಅಜ್ಜಿ ಊರುಗೋಲು ಎತ್ತಿ ಹಿಡಿದರು. "ಹಾಗಾದ್ರೆ ಬೇಲಿ ಇಲ್ಲದ ಕಡೆ ನನ್ನ ಮೊಮ್ಮಗ ನಿಂತ್ರೆ?"

ಗೆಳತಿಯರಿಬ್ಬರೂ ಮುಖ ಮುಖ ನೋಡಿಕೊಂಡರು.

"ಬಕ!"

ಅವಳು ಕಂಪ್ಯೂಟರಿಗೆ ಹಾರಿದಳು. ಬೂದುಬಕ ಎಂದು ಬಂದು, ಅವಳು ನೋಡಲು ಮನಸ್ಸಿಲ್ಲದೆ ಹಾಗೇ ಬಿಟ್ಟಿದ್ದ ಫೋಟೋಗಳೆಲ್ಲ ಸಾಲಾಗಿ ತೆರೆದುಕೊಂಡವು. ಒಂಬತ್ತನೇ ಕ್ಯಾಮೆರಾ. ಕೆರೆಯ ಆಚೆ ದಡ, ಹಳೆಯ ದೋಣಿಮನೆಯ ಪಕ್ಕ, ಜೊಂಡಿನ ನಡುವೆ. ಹಿಟ್ಟಿನ ಕೋಟು. ಬಾಲದ ಟೋಪಿ. ಒಂಟಿಕಾಲು. ನೂರಕ್ಕೆ ತೊಂಬತ್ತೈದು!

ದಿನವೂ ಅಲ್ಲೇ. ಎಲ್ಲ ಫೋಟೋದಲ್ಲೂ ಅವನ ಮುಖ ಒಂದೇ ಕಡೆಗಿತ್ತು, ನೀರಿನಾಚೆ, ನಾಲ್ಕನೇ ಕ್ಯಾಮೆರಾದ ಬೇಲಿಯ ಕಡೆಗೆ.

ಅವಳು ಬರುತ್ತಾಳೋ ಎಂದು ನೋಡುತ್ತಿದ್ದನೇ...

*

ಮರುದಿನ ಅವಳು ಅಲಾರಂಗಿಂತ ಮೊದಲೇ ಎದ್ದಳು. ಅಕ್ಕ ಎದ್ದು ಬಂದು, ಒಂದು ಮಾತೂ ಆಡದೆ, ಎರಡೂ ಚಪ್ಪಲಿ ಒಂದೇ ಜೊತೆಯದೇ ಎಂದು ನೋಡಿ ಬಾಗಿಲು ತೆರೆದಳು.

ಜೊಂಡು ಸರಿಸಿಕೊಂಡು ಬಂದ ಸದ್ದಿಗೆ ಅವನು ತಿರುಗಿದ. ರಜೆಯ ಮೇಲಿದ್ದ ಕಾಲು ಗಾಬರಿಯಿಂದ ಕೆಳಗಿಳಿಯಿತು.

"ಮೇಡಂ... ಇಲ್ಲೂ ನಿಲ್ಲಬಾರದಾ?"

ಅವಳು ನೇರವಾಗಿ ಅವನ ಮುಂದೆ ಬಂದು ನಿಂತಳು.

"ನಿನ್ನೆ ನೀವು ಒಂದು ಬಕದ ಜೊತೆ ಜಗಳ ಆಡ್ತಿದ್ರಿ," ಎಂದ ಅವನೇ, ಮೆಲ್ಲಗೆ.

"ನೋಡಿದ್ರಾ? ಮತ್ತೆ ಯಾಕೆ ಬರಲಿಲ್ಲ?"

"ಬಂದೆ. ಕೆರೆ ಸುತ್ತಿ ಓಡಿ ಬರೋಷ್ಟರಲ್ಲಿ ನೀವೂ ಇಲ್ಲ, ಬಕಾನೂ ಇಲ್ಲ. ಅದಕ್ಕೆ ಏನು ಬೈದ್ರಿ ಅಂತ ಕೇಳಿಸ್ಲೂ ಇಲ್ಲ."

"ಬೈದಿದ್ದಲ್ಲ." ಅವಳು ತಲೆ ಎತ್ತಿದಳು. "ನಿಮಗೆ ಹೇಳ್ಬೇಕಾಗಿದ್ದನ್ನ ಅದಕ್ಕೆ ಹೇಳ್ದೆ. ಅವತ್ತು ಆಫೀಸಲ್ಲಿ ಆಡಿದ್ದು ಸುಳ್ಳು. ಎಲ್ಲರೂ ನಕ್ಕುಬಿಟ್ರಲ್ಲ, ನಾಚಿಕೆ ಮುಚ್ಕೊಳ್ಳೋಕೆ ಕೈಗೆ ಸಿಕ್ಕಿದ್ದು ಎಳ್ಕೊಂಡೆ. ಅದು ನಿಮಗೆ ಹೋಗಿ ತಾಗ್ತು. ಫೋಟೋ ಸಾಕಾಯ್ತು ಅಂತ ಗೊತ್ತಾದ ಮೇಲೂ ಒಂದು ದಿನ ಬಂದಿದ್ದೆ ನಾನು. ಸುಮ್ನೆ. ನಿಮ್ಮನ್ನ ನೋಡೋಕೆ. ಇನ್ನೂ ಬರ್ತೀನಿ. ಕ್ಯಾಮೆರಾ ಇದ್ರೂ, ಇಲ್ದಿದ್ರೂ."

ಅವನ ಹಿಟ್ಟು ಮೆತ್ತಿದ ರೆಪ್ಪೆ ಎರಡು ಸಲ ಬಡಿಯಿತು.

"ನೀವು ಹೇಳ್ಬೇಕು ಅಂದಿದ್ದ ಮಾತು?" ಎಂದಳು.

"ಬನ್ನಲ್ಲೇ ಹೇಳಿದ್ನಲ್ಲ."

"ತಿಂದ್ಬಿಟ್ಟೆ."

"ಪೂರ್ತಿನಾ?"

"ಅಳ್ತಾ ಅಳ್ತಾ ತಿಂದೆ. ಉಪ್ಪುಪ್ಪಾಗಿತ್ತು."

ಅವನು ನಕ್ಕುಬಿಟ್ಟ. ನಗುತ್ತಲೇ ಕೈ ಚಾಚಿದ. ಈ ಸಲ ಅವಳು ತೂರಾಡಿರಲಿಲ್ಲ, ಬೀಳುತ್ತಲೂ ಇರಲಿಲ್ಲ. ಆದರೂ ಆ ಕೈ ಹಿಡಿದುಕೊಂಡಳು. ಮಂಜಿನಲ್ಲಿ, ಜೊಂಡಿನ ನಡುವೆ, ಹಿಟ್ಟಿನ ಕೋಟಿಗೆ ಕೆನ್ನೆ ಒತ್ತಿದಳು. ಅದರಲ್ಲಿ ಬ್ರೆಡ್ಡಿನ ವಾಸನೆ, ಭಟ್ಟಿಯ ಇನ್ನೂ ಆರದ ಬಿಸಿ.

ಕ್ಲಿಕ್.

ಅವಳ ಜೇಬಿನಲ್ಲಿ ಮೊಬೈಲ್ ಗುಂಯ್ ಎಂದಿತು. ತೆಗೆದು ನೋಡಿದಳು. ಅಲ್ಲೇ ಕೆನ್ನೆ ಕೆಂಪಗಾಯಿತು.

"ಏನಂತೆ?" ಅವನು ಬಗ್ಗಿ ನೋಡಿದ.

"ಕ್ಯಾಮೆರಾ ಒಂಬತ್ತು: ಬೂದುಬಕ. ಸರಿಯೇ? ಹೌದು / ಅಲ್ಲ. ಜೋಡಿಯೇ? ಹೌದು / ಅಲ್ಲ."

ಮರುಕ್ಷಣವೇ ಗುಂಗುರುವಿನ ಫೋನು. "ಲೇ ಹೌದಮ್ಮ! ಡೈರೆಕ್ಟರ್ ಮನೆಯಿಂದ್ಲೇ ನೋಡಿ ಕುಣೀತಿದ್ದಾರೆ ಕಣೇ, ಬಕಗಳು ಗೂಡು ಕಟ್ಟೋಕೆ ಬಂದ್ವು ಅಂತ! ದೊಡ್ಡ ಪರದೆಗೆ ಹಾಕ್ಬೇಕಂತೆ! ಬೇಗ ಒತ್ತೇ!"

ಅವನು ನಗು ತಡೆದುಕೊಂಡು ಕೇಳಿದ. "ಏನು ಒತ್ತುತ್ತೀರಾ ಮೇಡಂ? ಮತ್ತೆ ತಪ್ಪು ಕಲಿಸ್ಬೇಡಿ."

"ಮೊದಲು ಈ ಮೇಡಂ ಬಿಡು," ಎಂದಳು ಅವಳು.

ಬೂದುಬಕದ ಮುಂದೆ 'ಅಲ್ಲ' ಒತ್ತಿದಳು. ಆಮೇಲೆ ಮೊಬೈಲನ್ನು ಇಬ್ಬರ ನಡುವೆ ಹಿಡಿದು, ಅವನ ಬೆರಳನ್ನು ತನ್ನ ಬೆರಳ ಮೇಲೆ ಇಟ್ಟುಕೊಂಡಳು.

"ಎರಡನೇದು?" ಎಂದ ಅವನು, ಉಸಿರು ಬಿಗಿಹಿಡಿದು.

"ಹೌದು," ಎಂದಳು ಬಾಯಿಬಿಟ್ಟು, ಜೋರಾಗಿ. ಆಚೆ ದಡದ ಬಾತುಕೋಳಿಗಳೆಲ್ಲ ಹಾರಿಹೋಗುವಷ್ಟು ಜೋರಾಗಿ. "ಹೌದು ಕಣೋ!"